ತೂಕ ಅದೇ, ಕೋವಿನೂ ಅದೇ, ತೂತು ಮಾತ್ರ ಯಾಕೆ ಉದ್ದ?

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ವಿರಾಜಪೇಟೆ ಹತ್ತಿರ. ಈಗ ಕೆಲವು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿದ್ದೇನೆ. ಹಳೆಯದೊಂದು ರೆಮಿಂಗ್ಟನ್ 722 ರೈಫಲ್ ಕೊಂಡಿದ್ದೇನೆ. ನಳಿಗೆ ಮೇಲೆ .244 ರೆಮಿಂಗ್ಟನ್ ಅಂತ ಕೆತ್ತಿದೆ. 80 ಗ್ರೇನಿನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಸೀಸದ ಗುಂಡು ಹಾಕಿದರೆ 100 ಗಜದಲ್ಲಿ ಮೂರೂ ಗುಂಡು ಒಂದು ರೂಪಾಯಿ ನಾಣ್ಯದೊಳಗೆ ಬೀಳುತ್ತವೆ. ಇಲ್ಲಿ ಬೇಟೆಗೆ ಸೀಸ ಬಳಸುವ ಹಾಗಿಲ್ಲವಲ್ಲ, ಅದಕ್ಕೆ ಗೆಳೆಯರೊಬ್ಬರು ಅದೇ 80 ಗ್ರೇನಿನ ತಾಮ್ರದ ಗುಂಡು ಹಾಕಿ 40 ತೋಟಾ ತುಂಬಿಕೊಟ್ಟರು. ಅಕ್ಟೋಬರಿನಲ್ಲಿ ಸಿಯೆರಾ ಬೆಟ್ಟದಲ್ಲಿ ಸುಮಾರು 8,000 ಅಡಿ ಎತ್ತರದಲ್ಲಿ ಕ್ಯಾಂಪ್ ಹಾಕಿದ್ದಾಗ ರಟ್ಟಿಗೆ ಹೊಡೆದು ನೋಡಿದೆ. ಚೆನ್ನಾಗಿಯೇ ಬಿತ್ತು. ಜಿಂಕೆ ಮಾತ್ರ ಕಾಣಲಿಲ್ಲ. ಜನವರಿಯಲ್ಲಿ ಸ್ಯಾಕ್ರಮೆಂಟೊ ಹತ್ತಿರದ, ಗುರಿ ಅಭ್ಯಾಸ ಮಾಡುವ ರೇಂಜಿನಲ್ಲಿ ಅದೇ ತೋಟಾ ಹೊಡೆದರೆ ಗುಂಡುಗಳು ಒಂದು ಅಡಿ ಅಗಲಕ್ಕೆ ಚೆದುರಿದವು. ಎರಡು ತೂತು ಬೀಗದ ಕಣ್ಣಿನ ಹಾಗೆ ಉದ್ದಕ್ಕಿದ್ದವು. ಗುರಿ ನೋಡುವ ಸ್ಕೋಪ್ ಬಿಚ್ಚಿ ಮತ್ತೆ ಕೂರಿಸಿದೆ, ಪ್ರಯೋಜನವಾಗಲಿಲ್ಲ. ತೂಕ ಅದೇ, ಕೋವಿ ಅದೇ, ಹೊಡೆಯುವವನೂ ನಾನೇ. ಕ್ಯಾಲಿಪರಿನಲ್ಲಿ ಅಳೆದೆ. ಸೀಸದ ಗುಂಡಿನ ಉದ್ದ 0.85 ಇಂಚು, ತಾಮ್ರದ್ದು ಸರಿಯಾಗಿ 1 ಇಂಚು. ನಳಿಗೆ ಹಾಳಾಗಿದೆಯಾ? ಇನ್ನೂ ಜಾಸ್ತಿ ಮದ್ದು ಹಾಕಿಸಿದರೆ ಸರಿ ಹೋಗುತ್ತಾ?

ಉತ್ತರ:

ನಳಿಗೆ ಹಾಳಾಗಿಲ್ಲ. ಸ್ಕೋಪಿನ ತಪ್ಪೂ ಇಲ್ಲ. ದಯವಿಟ್ಟು ಜಾಸ್ತಿ ಮದ್ದು ಮಾತ್ರ ಹಾಕಿಸಬೇಡಿ.

ನಿಮ್ಮ ಪತ್ರದಲ್ಲೇ ಉತ್ತರ ಇದೆ, ಕೊನೆಯ ಸಾಲುಗಳಲ್ಲಿ. ಗುಂಡಿನ ಉದ್ದ ಅಳೆದಿದ್ದೀರಲ್ಲ, ಅದಕ್ಕೆ ನಿಮ್ಮ ಬೆನ್ನು ತಟ್ಟಬೇಕು. ನನಗೆ ಬರುವ ಇಂಥ ಪ್ರಶ್ನೆಗಳಲ್ಲಿ ಹತ್ತಕ್ಕೆ ಒಂಬತ್ತು ಜನ ತೂಕ ಬರೆಯುತ್ತಾರೆ, ಉದ್ದ ಬರೆಯುವುದಿಲ್ಲ. ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ತೂಕವೇ ತಾನೆ, ಅವರದೂ ತಪ್ಪಲ್ಲ. ಆದರೆ ನಳಿಗೆಯ ಟ್ವಿಸ್ಟ್, ಅಂದರೆ ಗುಂಡನ್ನು ತಿರುಗಿಸುವ ಒಳಗಿನ ಸುರುಳಿ, ಕೇಳುವುದು ಉದ್ದವನ್ನು. ತೂಕ ಅದಕ್ಕೆ ಆಮೇಲಿನ ಮಾತು.

ಊರಿನ ಕೋವಿಯಿಂದಲೇ ಶುರು ಮಾಡೋಣ. ಕೊಡವರ ಕೈಲ್ ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜೆ ಮಾಡುವ ಜೋಡಿನಳಿಗೆ ಕೋವಿ ಇದೆಯಲ್ಲ, ಅದರ ಒಳಗೆ ಕಣ್ಣಿಟ್ಟು ನೋಡಿದರೆ ಕನ್ನಡಿಯ ಹಾಗೆ ನುಣುಪು. ಚರೆ ಹೊಡೆಯುವ ಕೋವಿಗೆ ಅಷ್ಟು ಸಾಕು. ಕೇಪಿನ ಕೋವಿಗೆ ಹಾಕುತ್ತಿದ್ದ ಗೋಲಿಯಂಥ ಗುಂಡಿಗೂ ಅಷ್ಟೇ. ಅದಕ್ಕೆ ಹಿಂದು ಮುಂದು ಇಲ್ಲ, ಹೇಗೆ ಉರುಳಿದರೂ ಗಾಳಿಗೆ ಒಂದೇ ಮುಖ. ರೈಫಲಿನ ಗುಂಡು ಹಾಗಲ್ಲ. ಮುಂದೆ ಚೂಪು, ಹಿಂದೆ ದಪ್ಪ. ಅದರ ಭಾರವೆಲ್ಲ ಬೆನ್ನಿನ ಕಡೆ. ಗಾಳಿ ಒತ್ತುವುದು ಮೂಗಿನ ಕಡೆ. ಬಾಣಕ್ಕಾದರೆ ಬಾಲದಲ್ಲಿ ಗರಿ ಇದೆ, ನೇರ ಹಿಡಿಯುತ್ತದೆ. ಗುಂಡಿಗೆ ಗರಿ ಇಲ್ಲ. ಅದರ ಪಾಡಿಗೆ ಬಿಟ್ಟರೆ ಮೂಗು ಎತ್ತಿ ಪಲ್ಟಿ ಹೊಡೆಯುವುದೇ ಅದರ ಸಹಜ ಗುಣ.

ಅದನ್ನು ತಡೆಯುವುದು ತಿರುಗು. ಬುಗುರಿ ನೆನಪು ಮಾಡಿಕೊಳ್ಳಿ. ಚಾಟಿ ಸುತ್ತಿ ಜೋರಾಗಿ ಬಿಟ್ಟರೆ ಮೊಳೆ ಮೇಲೆ ನಿಂತು ನಿದ್ದೆ ಹೋದ ಹಾಗೆ ಅಲ್ಲಾಡದೆ ತಿರುಗುತ್ತದೆ. ತಿರುಗು ಕಮ್ಮಿಯಾದ ಹಾಗೆ ತಲೆ ಓಲಾಡಲು ಶುರು, ಆಮೇಲೆ ಬಿದ್ದು ಹೊರಳುತ್ತದೆ. ಈಗ ಅದೇ ತೂಕದ ಬುಗುರಿಯನ್ನು ಗಿಡ್ಡಕ್ಕೆ ಮಾಡುವ ಬದಲು ಸೌತೆಕಾಯಿಯ ಹಾಗೆ ಉದ್ದಕ್ಕೆ ಕಡೆದಿದ್ದಾರೆ ಅಂದುಕೊಳ್ಳಿ. ಅದನ್ನು ನಿಲ್ಲಿಸಬೇಕಾದರೆ ಚಾಟಿ ಎಷ್ಟು ಜೋರಾಗಿ ಎಳೆಯಬೇಕು? ನಿಮ್ಮ ಎರಡು ಗುಂಡುಗಳ ವ್ಯತ್ಯಾಸ ಇಷ್ಟೇ.

ರೈಫಲಿನಲ್ಲಿ ಚಾಟಿಯ ಕೆಲಸ ನಳಿಗೆಯೊಳಗಿನ ಸುರುಳಿ ಗೀರುಗಳದ್ದು. 1:12 ಟ್ವಿಸ್ಟ್ ಅಂದರೆ ಗುಂಡು 12 ಇಂಚು ಮುಂದಕ್ಕೆ ಹೋಗುವಷ್ಟರಲ್ಲಿ ಒಂದು ಸುತ್ತು ತಿರುಗುತ್ತದೆ. 1:8 ಅಂದರೆ ಎಂಟೇ ಇಂಚಿಗೆ ಒಂದು ಸುತ್ತು. ಹೊಸಬರು ಇಲ್ಲಿ ಎಡವುತ್ತಾರೆ, ನಂಬರ್ ಚಿಕ್ಕದಾದಷ್ಟೂ ತಿರುಗು ಜಾಸ್ತಿ. ಸ್ಕ್ರೂವಿನ ಮರೆ ಹತ್ತಿರ ಹತ್ತಿರ ಇದ್ದ ಹಾಗೆ.

ಇನ್ನು ತಾಮ್ರದ ಕಥೆ. ಸೀಸದ ಸಾಂದ್ರತೆ 11.34, ತಾಮ್ರದ್ದು 8.96. ಅಂದರೆ ತಾಮ್ರ ಹಗುರ. ಅದೇ 80 ಗ್ರೇನ್ ತೂಗಬೇಕಾದರೆ ತಾಮ್ರ ಜಾಸ್ತಿ ಬೇಕು. ಅಗಲ ಹೆಚ್ಚಿಸುವ ಹಾಗಿಲ್ಲ, ನಳಿಗೆ 0.243 ಇಂಚಿಗೆ ಕಟ್ಟಿ ಹಾಕಿದೆ. ಹಾಗಾಗಿ ಉಳಿದ ದಾರಿ ಒಂದೇ, ಉದ್ದ. ಅದರ ಮೇಲೆ ತಾಮ್ರದ ಗುಂಡು ಜಿಂಕೆಯೊಳಗೆ ಹೂವಿನ ಹಾಗೆ ಅರಳಲಿ ಅಂತ ಮೂಗಿನಲ್ಲಿ ಟೊಳ್ಳು ಬಿಟ್ಟಿರುತ್ತಾರೆ. ಆ ಟೊಳ್ಳಿನಿಂದ ಉದ್ದ ಇನ್ನಷ್ಟು ಬೆಳೆಯುತ್ತದೆ. ನಿಮಗೆ 0.85 ಇಂಚು ಇದ್ದದ್ದು 1 ಇಂಚಾಯಿತು. ನೋಡುವುದಕ್ಕೆ ಒಂದೂವರೆ ನೂಲು ಕೂಡ ಇಲ್ಲ. ಗುಂಡಿನ ಲೆಕ್ಕದಲ್ಲಿ ಅದು ಬಹಳ.

ಎಷ್ಟು ಬಹಳ ಅಂತ ನೋಡಲು ಹಳೆಯ ಲೆಕ್ಕವೊಂದಿದೆ. ಇಂಗ್ಲೆಂಡಿನ ವುಲಿಚ್‌ನಲ್ಲಿ ಫಿರಂಗಿ ಅಧಿಕಾರಿಗಳಿಗೆ ಗಣಿತ ಕಲಿಸುತ್ತಿದ್ದ ಆಲ್ಫ್ರೆಡ್ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟದ್ದು. ಗುಂಡಿನ ಅಗಲವನ್ನು ಅದರಿಂದಲೇ ಗುಣಿಸಿ, 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿ. ಎಲ್ಲ ಇಂಚಿನಲ್ಲಿ. ಬಂದ ಉತ್ತರವೇ ಬೇಕಾದ ಟ್ವಿಸ್ಟ್. ಗುಂಡಿನ ವೇಗ ಸೆಕೆಂಡಿಗೆ 2,800 ಅಡಿ ದಾಟಿದರೆ 150ರ ಬದಲು 180 ಹಾಕುವುದು ರೂಢಿ. ನಿಮ್ಮದು ದಾಟುತ್ತದೆ. ಸೀಸದ ಗುಂಡಿಗೆ ಮಾಡಿ ನೋಡಿ: 0.243 ಗುಣಿಸು 0.243 ಗುಣಿಸು 180, ಸುಮಾರು 10.63. ಅದನ್ನು 0.85ರಿಂದ ಭಾಗಿಸಿದರೆ 12.5. ನಳಿಗೆ 1:12 ಇದ್ದರೆ ಸಾಕು, ಸ್ವಲ್ಪ ಉಳಿತಾಯವೂ ಇದೆ. ಅದಕ್ಕೇ ನಿಮ್ಮ ಗುಂಡುಗಳು ನಾಣ್ಯದೊಳಗೆ ಕೂತದ್ದು. ಈಗ 1 ಇಂಚಿನ ಗುಂಡಿಗೆ ಮಾಡಿ. 10.6. ಇಲ್ಲಿಗೆ ಮುಗಿಯಲಿಲ್ಲ. ಗ್ರೀನ್‌ಹಿಲ್ ಲೆಕ್ಕ ಸೀಸದ ಆಸುಪಾಸಿನ ಸಾಂದ್ರತೆ, 10.9, ಇಟ್ಟುಕೊಂಡು ಮಾಡಿದ್ದು. ತಾಮ್ರಕ್ಕೆ ಅದನ್ನು ಹತ್ತರಲ್ಲಿ ಒಂದು ಪಾಲು ಇಳಿಸಬೇಕು. ಆಗ ಬರುವುದು ಸುಮಾರು 9.6. ಅಂದರೆ ನಿಮ್ಮ ತಾಮ್ರದ ಗುಂಡು ಒಂಬತ್ತೂವರೆ ಇಂಚಿಗೆ ಒಂದು ಸುತ್ತು ಕೇಳುತ್ತಿದೆ. ನಿಮ್ಮ ನಳಿಗೆ ಕೊಡುತ್ತಿರುವುದು, ನನ್ನ ಅಂದಾಜಿನಲ್ಲಿ, 12 ಇಂಚಿಗೆ ಒಂದು.

ಅಂದಾಜು ಯಾಕೆ ಅಂದರೆ ನಿಮ್ಮ ಕೋವಿಯ ಹೆಸರಿನ ಹಿಂದೆ ಒಂದು ಚರಿತ್ರೆ ಇದೆ. 1955ರಲ್ಲಿ ಅಮೆರಿಕದ ಎರಡು ದೊಡ್ಡ ಕಂಪನಿಗಳು ಒಂದೇ ಅಗಲದ ಗುಂಡಿಗೆ ಎರಡು ತೋಟಾ ಹೊರತಂದವು. ವಿಂಚೆಸ್ಟರ್‌ನದು .243, ರೆಮಿಂಗ್ಟನ್‌ನದು .244. ಹೆಸರು ಬೇರೆ ಇದ್ದರೂ ಎರಡಕ್ಕೂ ಗುಂಡು 0.243 ಇಂಚಿನದೇ. ರೆಮಿಂಗ್ಟನ್‌ನವರು ಯೋಚಿಸಿದ್ದು ನೆಲ ಅಗೆಯುವ ಸಣ್ಣ ಪ್ರಾಣಿಗಳನ್ನು ದೂರದಿಂದ ಹೊಡೆಯುವವರ ಬಗ್ಗೆ. ಅದಕ್ಕೆ 75, 90 ಗ್ರೇನಿನ ಗಿಡ್ಡ ಗುಂಡು ಸಾಕು ಅಂತ 1:12 ಟ್ವಿಸ್ಟ್ ಕೊಟ್ಟರು. ವಿಂಚೆಸ್ಟರ್‌ನವರು 1:10 ಕೊಟ್ಟು, ಇದೇ ಕೋವಿಯಲ್ಲಿ 100 ಗ್ರೇನ್ ಹಾಕಿ ಜಿಂಕೆನೂ ಹೊಡೆಯಿರಿ ಅಂದರು. ಜನ ಒಂದೇ ಕೋವಿಯಲ್ಲಿ ಎರಡು ಕೆಲಸ ಆಗುವುದನ್ನೇ ಕೊಂಡರು. ನಿಜ ಹೇಳಬೇಕೆಂದರೆ ತೋಟಾವಾಗಿ ನೋಡಿದರೆ .244 ಏನೂ ಕಮ್ಮಿ ಇಲ್ಲ, ಮದ್ದಿಗೆ ಜಾಗ ಒಂದು ಗುಲಗಂಜಿ ಜಾಸ್ತಿಯೇ. ಸೋತದ್ದು ಟ್ವಿಸ್ಟ್‌ನಲ್ಲಿದ್ದ ಎರಡು ಇಂಚಿನ ವ್ಯತ್ಯಾಸದಿಂದ. ಆಮೇಲೆ ರೆಮಿಂಗ್ಟನ್ 1:9ಕ್ಕೆ ಬದಲಾಯಿಸಿತು, 1963ರಲ್ಲಿ ಹೆಸರನ್ನೂ 6 ಎಂಎಂ ರೆಮಿಂಗ್ಟನ್ ಅಂತ ಮಾಡಿತು. ಅಷ್ಟರಲ್ಲಿ ಕೆಟ್ಟ ಹೆಸರು ಅಂಟಿಕೊಂಡಾಗಿತ್ತು.

ಇದರಲ್ಲಿ ನಿಮಗೆ ಎರಡು ಎಚ್ಚರಿಕೆ ಇವೆ. ಒಂದು, .244 ಮತ್ತು 6 ಎಂಎಂ ರೆಮಿಂಗ್ಟನ್ ತೋಟಾದ ಅಳತೆ ಒಂದೇ. ಅಂಗಡಿಯವರು "ಎರಡೂ ಒಂದೇ ಸರ್, ಹಾಕಿ" ಅಂದರೆ ಸುಳ್ಳಲ್ಲ, ತೋಟಾ ಸಲೀಸಾಗಿ ಕೂರುತ್ತದೆ. ಆದರೆ 1:9 ನಳಿಗೆಗೆ ಅಂತ ಆರಿಸಿದ ಉದ್ದ ಗುಂಡು 1:12 ನಳಿಗೆಯಲ್ಲಿ ನಿಲ್ಲುವುದಿಲ್ಲ. ಎರಡು, .244 ಅಂತ ಕೆತ್ತಿದ್ದರೂ ಆಮೇಲಿನ ಕೆಲವು ಕೋವಿಗಳಲ್ಲಿ 1:9 ಇರುತ್ತದೆ. ಹೆಸರು ನೋಡಿ ತೀರ್ಮಾನ ಮಾಡುವ ಹಾಗಿಲ್ಲ. ಅಳೆಯಬೇಕು.

ಅಳೆಯುವುದು ಹತ್ತು ನಿಮಿಷದ ಕೆಲಸ. ತೋಟಾ ಇಲ್ಲ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆದು ಪಕ್ಕಕ್ಕಿಡಿ. ನಳಿಗೆ ಒರೆಸುವ ಕಡ್ಡಿ ಬೇಕು, ಅದರ ಹಿಡಿ ಬೇರೆ, ಕಡ್ಡಿ ಬೇರೆಯಾಗಿ ತಿರುಗುವಂಥದ್ದು. ತುದಿಗೆ ಬಟ್ಟೆ ಚೂರು ಸುತ್ತಿ. ಸಡಿಲ ಇದ್ದರೆ ಗೀರಿನ ಮೇಲೆ ಜಾರಿಬಿಡುತ್ತದೆ, ಲೆಕ್ಕ ತಪ್ಪುತ್ತದೆ. ತಳ್ಳುವಾಗ ಕೈಗೆ ಬಿಗಿ ಅನ್ನಿಸಬೇಕು. ಹಿಂದಿನಿಂದ ತಳ್ಳಿ, ಬಟ್ಟೆ ಗೀರನ್ನು ಕಚ್ಚಿ ಒಂದೆರಡು ಇಂಚು ಒಳಗೆ ಹೋದ ಮೇಲೆ ನಿಲ್ಲಿಸಿ. ಈಗ ಕೋವಿಯ ಹಿಂಬದಿ ಅಂಚಿಗೆ ಸರಿಯಾಗಿ ಕಡ್ಡಿಗೆ ಒಂದು ಟೇಪ್ ಸುತ್ತಿ, ಮೇಲ್ಮುಖವಾಗಿ ಮಾರ್ಕರಿನಿಂದ ಒಂದು ಚುಕ್ಕೆ ಇಡಿ. ನಿಧಾನವಾಗಿ ತಳ್ಳುತ್ತಾ ಹೋಗಿ. ಚುಕ್ಕೆ ಪಕ್ಕಕ್ಕೆ ವಾಲುತ್ತದೆ, ಅಡಿಗೆ ಹೋಗುತ್ತದೆ, ಇನ್ನೊಂದು ಪಕ್ಕದಿಂದ ಏಳುತ್ತದೆ. ಅಂಚಿನೊಳಗೆ ಹೋಗುವ ಮೊದಲೇ ಕಾಣುವ ಹಾಗೆ ಕಡ್ಡಿಯ ಹಿಂದೆಯೂ ಅದೇ ಸಾಲಿಗೆ ಇನ್ನೊಂದು ಚುಕ್ಕೆ ಇಟ್ಟಿದ್ದರೆ ಒಳ್ಳೆಯದು. ಚುಕ್ಕೆ ಮತ್ತೆ ನೆತ್ತಿಗೆ ಬಂದ ಕೂಡಲೇ ನಿಲ್ಲಿಸಿ, ಅಂಚಿನಲ್ಲಿ ಎರಡನೇ ಟೇಪ್ ಸುತ್ತಿ. ಕಡ್ಡಿ ಹೊರಗೆಳೆದು ಎರಡು ಟೇಪಿನ ನಡುವಿನ ದೂರ ಅಳೆಯಿರಿ. ಅದೇ ನಿಮ್ಮ ಟ್ವಿಸ್ಟ್. ಮೂರು ಸಲ ಮಾಡಿ. ಒಂದು ಸಲ 11.7, ಇನ್ನೊಂದು ಸಲ 12.2 ಬಂದರೆ ಗಾಬರಿ ಬೇಡ. ಒಂಬತ್ತು ಬಂದರೆ ನನಗೆ ಮತ್ತೆ ಬರೆಯಿರಿ, ಆಗ ತೊಂದರೆ ಬೇರೆ ಎಲ್ಲೋ ಇದೆ. ಬಾಯಿ ಅಂಚು ಜಜ್ಜಿದೆಯಾ, ಒಳಗೆ ತಾಮ್ರ ಕಟ್ಟಿಕೊಂಡಿದೆಯಾ ಅಂತ ನೋಡಬೇಕಾಗುತ್ತದೆ.

ಒಂಬತ್ತು ಬರುವುದಿಲ್ಲ ಅಂತ ನನಗೆ ಅಷ್ಟು ಗಟ್ಟಿಯಾಗಿ ಅನ್ನಿಸುವುದಕ್ಕೆ ಕಾರಣ, ಬೆಟ್ಟದ ಮೇಲೆ ನಿಮ್ಮ ಗುಂಡು ನೆಟ್ಟಗೆ ಹೋದದ್ದು.

ಗ್ರೀನ್‌ಹಿಲ್ ಲೆಕ್ಕದಲ್ಲಿ ಗಾಳಿಯ ಮಾತೇ ಇಲ್ಲ. ಈಗ ಹೆಚ್ಚು ಜನ ಬಳಸುವುದು ಡಾನ್ ಮಿಲ್ಲರ್ 2005ರಲ್ಲಿ ಪ್ರಕಟಿಸಿದ ಸೂತ್ರ. ಅದಕ್ಕೆ ತೂಕ, ಉದ್ದ, ಅಗಲ, ಟ್ವಿಸ್ಟ್, ವೇಗ, ಗಾಳಿಯ ಬಿಸಿ, ಗಾಳಿಯ ಒತ್ತಡ ಎಲ್ಲ ಕೊಡಬೇಕು. ಅದು ಕೊಡುವುದು ಒಂದೇ ನಂಬರ್. 1ಕ್ಕಿಂತ ಕೆಳಗಿದ್ದರೆ ಗುಂಡು ಪಲ್ಟಿ. 1ರಿಂದ 1.3ರವರೆಗೆ ಓಲಾಡುವ ಬುಗುರಿ, ನೆಚ್ಚಿಕೊಳ್ಳುವ ಹಾಗಿಲ್ಲ. 1.4, 1.5 ದಾಟಿದರೆ ನಿಶ್ಚಿಂತೆ. ನಿಮ್ಮ ಗುಂಡು ಸೆಕೆಂಡಿಗೆ 3,200 ಅಡಿ ಹೋಗುತ್ತದೆ, ನಳಿಗೆ 1:12 ಅಂತ ಇಟ್ಟುಕೊಂಡು ನಾನು ಲೆಕ್ಕ ಹಾಕಿದೆ. ಸಮುದ್ರಮಟ್ಟದಲ್ಲಿ, 59 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಸೀಸದ ಗುಂಡಿಗೆ 1.55. ತಾಮ್ರದ ಗುಂಡಿಗೆ 0.97. ಜನವರಿ ಬೆಳಗ್ಗೆ 40 ಡಿಗ್ರಿ ಇತ್ತು ಅಂದುಕೊಂಡರೆ 0.94ಕ್ಕೆ ಇಳಿಯುತ್ತದೆ. ಅದೇ ತೋಟಾ, ಅದೇ ಕೋವಿ, 8,000 ಅಡಿ ಎತ್ತರದಲ್ಲಿ, 59 ಡಿಗ್ರಿಯಲ್ಲಿ: 1.31.

ನೋಡಿದಿರಾ? ಬೆಟ್ಟದ ಮೇಲೆ ಗಾಳಿ ತೆಳು. ಗುಂಡಿನ ಮೂಗು ಹಿಡಿದು ತಿರುಚುವ ಕೈಗೆ ಅಲ್ಲಿ ಬಲ ಕಮ್ಮಿ. ಸ್ಯಾಕ್ರಮೆಂಟೊ ಸಮುದ್ರಮಟ್ಟದಿಂದ ಎದ್ದಿದ್ದೇ ಇಲ್ಲ ಅನ್ನಬಹುದು, ಅದರ ಮೇಲೆ ಚಳಿಗೆ ಗಾಳಿ ಇನ್ನೂ ದಟ್ಟ. ಬೆಟ್ಟದಲ್ಲಿ ಹೇಗೋ ತಲೆ ನೆಟ್ಟಗೆ ಹಿಡಿದುಕೊಂಡಿದ್ದ ಗುಂಡು ಬಯಲಿಗೆ ಇಳಿದ ಮೇಲೆ ಕೈಚೆಲ್ಲಿತು. ನಳಿಗೆ ಜಜ್ಜಿ ಹೋಗಿದ್ದರೆ, ಸ್ಕೋಪ್ ಸಡಿಲ ಇದ್ದಿದ್ದರೆ, ಅದು ಎತ್ತರ ನೋಡಿಕೊಂಡು ಕೈಕೊಡುವುದಿಲ್ಲ ಅಲ್ವಾ?

ಇದೇನೂ ನಿಮಗೊಬ್ಬರಿಗೇ ಬಂದ ಕಷ್ಟ ಅಂದುಕೊಳ್ಳಬೇಡಿ. ಅಮೆರಿಕದ ಸೈನ್ಯಕ್ಕೂ ಆಗಿದೆ. ಎಂ-16 ರೈಫಲ್ ಮೊದಲು ಬಂದದ್ದು 1:14 ಟ್ವಿಸ್ಟ್‌ನಲ್ಲಿ. ಕೊರೆಯುವ ಚಳಿಯಲ್ಲಿ ಪರೀಕ್ಷೆ ಮಾಡಿದಾಗ ಗುಂಡುಗಳು ಓಲಾಡಿದವು. 1963ರಲ್ಲಿ 1:12ಕ್ಕೆ ಬದಲಾಯಿಸಿದರು. ಮುಂದೆ ಎಂ-16 ಎ2 ಬಂದಾಗ ಒಂದೇ ನೆಗೆತಕ್ಕೆ 1:7ಕ್ಕೆ ಹೋದರು. ಅಷ್ಟು ಜೋರು ಬೇಕಾದದ್ದು ಮಾಮೂಲಿ 62 ಗ್ರೇನಿನ ಗುಂಡಿಗಲ್ಲ. ಅದರ ಜೊತೆಗೆ ಹೊಡೆಯುವ, ಹಾರುವಾಗ ಬೆಂಕಿಗೆರೆ ಬಿಡುವ ಟ್ರೇಸರ್ ಗುಂಡಿಗೆ. ಆ ಗುಂಡು ಬಹಳ ಉದ್ದ. ಅಲ್ಲೂ ಉದ್ದವೇ ತೀರ್ಮಾನ ಮಾಡಿದ್ದು.

ನನ್ನದೂ ಒಂದಿದೆ, ಹೇಳಿಬಿಡುತ್ತೇನೆ. ಅಮೆರಿಕಕ್ಕೆ ಬಂದ ಹೊಸದರಲ್ಲಿ ನನ್ನ ಹತ್ತಿರ ಒಂದು .22-250 ರೈಫಲ್ ಇತ್ತು, 1:14 ನಳಿಗೆ. ಅಂಗಡಿಯೊಂದರಲ್ಲಿ 69 ಗ್ರೇನಿನ ಗುಂಡು ಅಗ್ಗಕ್ಕೆ ಸಿಕ್ಕಿತು, ಉದ್ದ ಮೂಗಿನದು, ಪಂದ್ಯಕ್ಕೆ ಬಳಸುವಂಥದ್ದು. ದೊಡ್ಡ ಗುಂಡು ಗಾಳಿಗೆ ಪಕ್ಕಕ್ಕೆ ಕಮ್ಮಿ ಸರಿಯುತ್ತೆ, ತಗೊಳ್ಳಿ ಅಂದರು. ನಾನೂ ತಗೊಂಡೆ. 50 ಗಜಕ್ಕೇ ಕಾಗದದಲ್ಲಿ ಗುಂಡಿನ ಪಕ್ಕದ ನೋಟ ಅಚ್ಚೊತ್ತಿದ ಹಾಗೆ, ಮೂಗು ಬಾಲ ಎಲ್ಲ ಕಾಣುವ ತೂತು. ಎರಡು ವಾರಾಂತ್ಯ ಸ್ಕೋಪಿನ ಸ್ಕ್ರೂ ಬಿಚ್ಚಿ ಹಾಕಿ ಕಳೆದೆ. ಸ್ಕೋಪ್ ಕೂರಿಸುವ ಹೊಸ ಮೌಂಟ್‌ಗೆ ದುಡ್ಡು ಬೇರೆ ಸುರಿದೆ. ಕೊನೆಗೆ ರೇಂಜಿನಲ್ಲಿ ಪಕ್ಕದ ಬೆಂಚಿನಲ್ಲಿದ್ದ ಮುದುಕರೊಬ್ಬರು ನನ್ನ ಕಾಗದ ನೋಡಿ, ಏನೂ ಮಾತಾಡದೆ, ತಮ್ಮ ಡಬ್ಬಿಯಿಂದ 55 ಗ್ರೇನಿನ ಮೂರು ತೋಟಾ ತೆಗೆದು ನನ್ನ ಮುಂದಿಟ್ಟರು. ಮೂರೂ ದುಂಡಗೆ ಬಿದ್ದವು. ಆ ಮೌಂಟ್ ಇನ್ನೂ ನನ್ನ ಗ್ಯಾರೇಜಿನ ಡಬ್ಬದಲ್ಲಿದೆ.

ಹಾಗಾಗಿ ಮದ್ದು ಜಾಸ್ತಿ ಮಾಡುವ ನಿಮ್ಮ ಯೋಚನೆ ನನಗೆ ಅರ್ಥವಾಗುತ್ತದೆ. ವೇಗ ಹೆಚ್ಚಿದರೆ ತಿರುಗೂ ಹೆಚ್ಚುತ್ತದೆ, ನಿಜ. ಆದರೆ ವೇಗ ಹೆಚ್ಚಿದಾಗ ಗಾಳಿಯ ಒತ್ತಡವೂ ಹೆಚ್ಚುತ್ತದೆ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಸೆಕೆಂಡಿಗೆ 3,200 ಅಡಿಯನ್ನು 3,400 ಮಾಡಿದರೆ ಆ ನಂಬರ್ ಏರುವುದು ನೂರಕ್ಕೆ ಎರಡು ಮಾತ್ರ. 0.97 ಇದ್ದದ್ದು 0.99. ಅದಕ್ಕೋಸ್ಕರ ಅರವತ್ತು ಎಪ್ಪತ್ತು ವರ್ಷ ಹಳೆಯ ಕೋವಿಯ ಬೋಲ್ಟಿನ ಹಿಂದೆ ಮುಖ ಇಟ್ಟು, ಮಿತಿ ಮೀರಿದ ಮದ್ದು ಹೊಡೆಯುವುದೇ? ಬೇಡ. ಟ್ವಿಸ್ಟ್ ಹಾಗಲ್ಲ, ಅದರ ಪರಿಣಾಮ ವರ್ಗದ ಲೆಕ್ಕದಲ್ಲಿ ಏರುತ್ತದೆ. 12 ಇದ್ದದ್ದು 10 ಆದರೆ ಒಂದೇ ಏಟಿಗೆ ನೂರಕ್ಕೆ 44 ಲಾಭ. ನಿಮ್ಮದೇ ತಾಮ್ರದ ಗುಂಡಿಗೆ 1:10ರಲ್ಲಿ 1.4 ಬರುತ್ತದೆ, 1:9ರಲ್ಲಿ 1.73.

ಹಾಗಾದರೆ ಬೆಟ್ಟದಲ್ಲಿ ಮಾತ್ರ ಬೇಟೆಯಾಡಿದರೆ ಆಯಿತಲ್ಲ ಅಂತ ನೀವು ಕೇಳಬಹುದು. ನಾನು ಒಪ್ಪುವುದಿಲ್ಲ. ಅಲ್ಲಿ 20 ಡಿಗ್ರಿಯ ಬೆಳಗ್ಗೆ 1.31 ಇದ್ದದ್ದು 1.21ಕ್ಕೆ ಇಳಿಯುತ್ತದೆ. ಜಿಂಕೆಯೂ ನಿಮ್ಮ ಎತ್ತರಕ್ಕೇ ಬಂದು ನಿಲ್ಲಬೇಕಲ್ಲ. ಅದಕ್ಕಿಂತ ದೊಡ್ಡ ವಿಷಯ ಕಾಗದದಲ್ಲಿ ಕಾಣದ್ದು. ಓಲಾಡುವ ಗುಂಡೂ 100 ಗಜದಲ್ಲಿ ಹೆಚ್ಚುಕಮ್ಮಿ ದುಂಡು ತೂತು ಮಾಡಬಹುದು. ಆದರೆ ತಾಮ್ರದ ಗುಂಡು ಅರಳುವುದು ಅದರ ಮೂಗಿನ ಟೊಳ್ಳಿಗೆ ಮಾಂಸದ ತೇವ ನೇರವಾಗಿ ನುಗ್ಗಿದಾಗ. ಮೂಗು ವಾರೆಯಾಗಿ ತಾಗಿದರೆ ಅರಳದೆಯೂ ಹೋಗಬಹುದು, ಒಳಗೆ ಹೋಗಿ ಎಲ್ಲೆಂದರಲ್ಲಿ ದಾರಿ ತಪ್ಪಬಹುದು. ಈಡು ಬಿತ್ತು ಅಂತ ನೀವು ಓಡಿದರೆ ಅಲ್ಲಿ ನಾಲ್ಕು ಹನಿ ರಕ್ತ ಬಿಟ್ಟು ಜಿಂಕೆ ಇರುವುದಿಲ್ಲ. ಊರಿನ ಹಳೆಯ ಶಿಕಾರಿಯವರ ಬಾಯಲ್ಲಿ ಗಾಯದ ಕಡವೆಯ ಕಥೆಗಳು ಎಷ್ಟಿದ್ದವು, ಕೇಳಿರುತ್ತೀರಿ. ಬೇಟೆಗೆ, ಅದರಲ್ಲೂ ತಾಮ್ರಕ್ಕೆ, ನಾನು ನನ್ನ ಕೋವಿಗಳಲ್ಲಿ 1.5ಕ್ಕಿಂತ ಕಮ್ಮಿ ಇಟ್ಟುಕೊಳ್ಳುವುದಿಲ್ಲ. ಅನಿವಾರ್ಯವಾದರೆ 1.4.

ಸೀಸಕ್ಕೇ ವಾಪಸ್ ಹೋಗುವ ಹಾಗೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2013ರಲ್ಲಿ ಕಾನೂನು ಆಗಿ, 2019ರ ಜುಲೈ 1ರಿಂದ ಕೋವಿಯಿಂದ ಯಾವ ಕಾಡುಪ್ರಾಣಿ ಹೊಡೆಯುವುದಕ್ಕೂ ಸೀಸ ಕೂಡದು. ಸುಮ್ನೆ ಮಾಡಿದ ಕಾನೂನಲ್ಲ ಅದು. ಬೇಟೆಗಾರರು ಕಾಡಿನಲ್ಲಿ ಬಿಟ್ಟು ಬರುವ ಕರುಳು, ಬೊಗಸೆ ಮಾಂಸದಲ್ಲಿ ಸೀಸದ ಚೂರು ಸೇರಿರುತ್ತವೆ. ಅದನ್ನು ತಿಂದ ಕಾಂಡರ್ ರಣಹದ್ದುಗಳು ಸಾಯುತ್ತಿದ್ದವು. 1982ರಲ್ಲಿ ಇಡೀ ಲೋಕದಲ್ಲಿ ಆ ಹಕ್ಕಿ ಉಳಿದದ್ದು 22. ನಮ್ಮೂರಲ್ಲಿ ದನಕ್ಕೆ ಕೊಟ್ಟ ನೋವಿನ ಔಷಧಿಯಿಂದ ರಣಹದ್ದುಗಳಿಗೆ ಏನಾಯಿತು ಅಂತ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಕಾಗದಕ್ಕೆ ಹೊಡೆಯುವುದಾದರೆ ಸೀಸಕ್ಕೆ ಆ ಕಾನೂನಿನ ಅಡ್ಡಿ ಇಲ್ಲ, ನಿಮ್ಮ ರೇಂಜಿನವರು ಒಪ್ಪಿದರೆ ಸಾಕು.

ಈಗ ನಿಮ್ಮ ಮುಂದಿರುವ ದಾರಿಗಳು. ಮೊದಲನೆಯದು, ಗಿಡ್ಡ ತಾಮ್ರ. ತಾಮ್ರದಲ್ಲೇ ಉದ್ದ 0.85 ಇಂಚಿನ ಆಸುಪಾಸು ಬರುವ ಗುಂಡು ಹುಡುಕಿ. ಅದರ ತೂಕ 65 ಗ್ರೇನ್ ಹತ್ತಿರ ಇರುತ್ತದೆ. ಅಷ್ಟು ಹಗುರದ್ದನ್ನು ಸೆಕೆಂಡಿಗೆ 3,400 ಅಡಿ ಓಡಿಸಬಹುದು, ಆಗ ನಿಮ್ಮ ನಳಿಗೆಯಲ್ಲಿ 1.28 ಬರುತ್ತದೆ. ದುಂಡು ತೂತು ಬೀಳುತ್ತದೆ. ಆದರೆ ನಾನು ಕೇಳುವ 1.5 ಅಲ್ಲ. ಇನ್ನೂ ಗಿಡ್ಡದಕ್ಕೆ ಹೋದರೆ ಅದು ಜಿಂಕೆಗೆ ಅಂತ ಮಾಡಿದ್ದೇ ಆಗಿರುವುದಿಲ್ಲ. ಸಣ್ಣ ಪ್ರಾಣಿಯಲ್ಲಿ ಸಿಡಿದು ಪುಡಿಯಾಗಲಿ ಅಂತ ಮಾಡಿರುತ್ತಾರೆ. ಜಿಂಕೆಗೆ ಅದನ್ನು ಹಾಕಬೇಡಿ. ಡಬ್ಬಿಯ ಮೇಲೆ ಅಥವಾ ತಯಾರಕರ ಪಟ್ಟಿಯಲ್ಲಿ ಈ ಗುಂಡಿಗೆ ಇಷ್ಟು ಟ್ವಿಸ್ಟ್ ಬೇಕು ಅಂತ ಬರೆದಿರುತ್ತಾರೆ, ತಾಮ್ರದ ಗುಂಡಿನವರು ಬಹುಪಾಲು ಬರೆಯುತ್ತಾರೆ. 1:12 ಅಂತ ಕಂಡರೆ ಮಾತ್ರ ಕೊಳ್ಳಿ. ತುದಿಯಲ್ಲಿ ಬಣ್ಣದ ಪ್ಲಾಸ್ಟಿಕ್ ಮೂಗು ಇದ್ದರೆ ಅದನ್ನೂ ಸೇರಿಸಿ ಅಳೆದ ಉದ್ದಕ್ಕೆ ಈ ಸೂತ್ರ ಹಾಕಿದರೆ ಲೆಕ್ಕ ಸ್ವಲ್ಪ ಜಿಪುಣವಾಗಿ ಬರುತ್ತದೆ. ಪ್ಲಾಸ್ಟಿಕ್ ಉದ್ದ ಕೊಡುತ್ತದೆ, ತೂಕ ಕೊಡುವುದಿಲ್ಲ.

ಎರಡನೆಯದು, ನಳಿಗೆ ಬದಲಾಯಿಸುವುದು. 1:8 ನಳಿಗೆ ಹಾಕಿಸಿದರೆ ಈ ತೋಟಾಕ್ಕೆ ಹಾಕಬಹುದಾದ ಬೇಟೆ ಗುಂಡು ಯಾವುದೂ ನಿಮ್ಮ ಮಾತು ಮೀರುವುದಿಲ್ಲ. ಅತಿ ತಿರುಗಿನಿಂದ ಗುಂಡು ಕೆಡುತ್ತದೆ ಅಂತ ಹೆದರಿಸುವವರಿದ್ದಾರೆ. ತೆಳು ಹೊದಿಕೆಯ ಸೀಸದ ಗುಂಡಿಗೆ ಅದು ನಿಜ. 1:8ರಲ್ಲಿ 3,200 ಅಡಿ ವೇಗಕ್ಕೆ ಗುಂಡು ನಿಮಿಷಕ್ಕೆ 2,88,000 ಸುತ್ತು ತಿರುಗುತ್ತದೆ. ಮನೆಯ ಮಿಕ್ಸಿ ಜೋರಾಗಿ ಕಿರುಚಿದರೂ 20,000ದ ಆಸುಪಾಸು ಇರುತ್ತದೆ, ಲೆಕ್ಕ ಹಾಕಿ. ಆ ರಭಸಕ್ಕೆ ತೆಳು ಹೊದಿಕೆ ಹರಿದು ಗುಂಡು ಗಾಳಿಯಲ್ಲೇ ಬೂದಿಯಂತೆ ಚದುರಿದ್ದನ್ನು ನಾನೇ ನೋಡಿದ್ದೇನೆ. ತಾಮ್ರದ ಗುಂಡಿಗೆ ಹೊದಿಕೆ, ತಿರುಳು ಅಂತ ಬೇರೆ ಬೇರೆ ಇಲ್ಲ, ಒಂದೇ ಲೋಹ. ಅದಕ್ಕೆ ಆ ಭಯ ಇಲ್ಲ. ಅನುಮಾನ ಬಂದಾಗ ಜೋರು ಟ್ವಿಸ್ಟ್ ಕಡೆಗೇ ವಾಲಿ ಅಂತ ನಾನು ಹೇಳುವುದು ಅದಕ್ಕೇ. ಆದರೂ ನಿಮ್ಮ 722ರ ನಳಿಗೆ ಬಿಚ್ಚಿಸಲು ನನಗೆ ಮನಸ್ಸಿಲ್ಲ. 1:12 .244 ಅಂದರೆ ಅದೊಂದು ಕಾಲದ ಗುರುತು. ಇನ್ನೂ ನಾಣ್ಯದೊಳಗೆ ಹೊಡೆಯುತ್ತಿದೆ ಬೇರೆ.

ಮೂರನೆಯದು, ನಾನಾಗಿದ್ದರೆ ಮಾಡುತ್ತಿದ್ದದ್ದು. ಇದನ್ನು ರೇಂಜಿಗೆ ಇಟ್ಟುಕೊಂಡು ಬೇಟೆಗೆ ಬೇರೆ ಕೋವಿ ತರುತ್ತಿದ್ದೆ. 6.5 ಕ್ರೀಡ್‌ಮೋರ್ ಇದೆಯಲ್ಲ, 2007ರಲ್ಲಿ ಬಂದದ್ದು, ಅದು ಹುಟ್ಟಿದ್ದೇ 1:8 ಟ್ವಿಸ್ಟ್ ಜೊತೆಗೆ, ಉದ್ದ ಗುಂಡಿಗೆಂದೇ. .30-06 ಆದರೆ ಮೊದಲಿನಿಂದಲೂ 1:10. ಅದರಲ್ಲಿ 150, 165 ಗ್ರೇನಿನ ತಾಮ್ರ ಏನೂ ತಕರಾರಿಲ್ಲದೆ ಹೋಗುತ್ತದೆ. .308 ಕೊಳ್ಳುವಾಗ ಮಾತ್ರ ಕೇಳಿ, ಹಳೆಯವು 1:12 ಇರುತ್ತವೆ. .243 ವಿಂಚೆಸ್ಟರ್ 1:10 ಕೊಂಡರೆ ನಿಮ್ಮ ಇದೇ 80 ಗ್ರೇನ್ ತಾಮ್ರ 1.4ರ ಹತ್ತಿರ ಸಿಗುತ್ತದೆ, ತೀರಾ ತುದಿಯಲ್ಲಿ. ಬೇಕಾದರೆ ನೋಡಿ.

ಇದೆಲ್ಲ ಅಮೆರಿಕದ ಮಾತು. ರಜೆಗೆ ಊರಿಗೆ ಹೋದಾಗ ತೆಂಗಿನಕಾಯಿಗೆ ಹೊಡೆದು ಖುಷಿಪಡಿ. 1972ರ ವನ್ಯಜೀವಿ ರಕ್ಷಣೆ ಕಾಯ್ದೆ ಆದ ಮೇಲೆ ಅಲ್ಲಿ ಬೇಟೆಯ ಪ್ರಶ್ನೆ ಇಲ್ಲ, ತೆಂಗಿನಕಾಯಿಗೆ ಟ್ವಿಸ್ಟ್ ಲೆಕ್ಕವೂ ಬೇಕಾಗಿಲ್ಲ.

ಸದ್ಯಕ್ಕೆ ಕಡ್ಡಿ ಹಾಕಿ ಅಳೆಯಿರಿ. ಮುಂದಿನ ಸಲ ರೇಂಜಿಗೆ ಹೋದಾಗ 100 ಗಜದಲ್ಲಲ್ಲ, 50 ಗಜದಲ್ಲಿ ಹೊಸ ಕಾಗದ ಹಚ್ಚಿ, ಸೀಸದ್ದು ಮೂರು, ತಾಮ್ರದ್ದು ಮೂರು ಹೊಡೆಯಿರಿ. ತೂತಿನ ಅಂಚು ನೋಡಿ. ಸೀಸದ್ದು ದುಂಡಗಿದ್ದು ತಾಮ್ರದ್ದು ಒಂದು ಪಕ್ಕಕ್ಕೆ ಹರಿದಿದ್ದರೆ ನಾನು ಮೇಲೆ ಹೇಳಿದ್ದಕ್ಕೆ ಬೇರೆ ಸಾಕ್ಷಿ ಬೇಡ. ಉಳಿದ ತಾಮ್ರದ ತೋಟಾಗಳನ್ನು ನಿಮ್ಮ ಗೆಳೆಯರಿಗೇ ವಾಪಸ್ ಕೊಡಿ. ಗುಂಡು ಕಿತ್ತು, ಮದ್ದು ಸುರಿದು, ಅದೇ ಖೋಲಿಗೆ ಬೇರೆ ಗುಂಡು ಕೂರಿಸಿಕೊಡುತ್ತಾರೆ. ಹೊಸ ಗುಂಡಿಗೆ ಮದ್ದಿನ ಅಳತೆ ಪುಸ್ತಕ ನೋಡಿ ಹೊಸದಾಗಿಯೇ ಶುರು ಮಾಡಲಿ, ಹಳೆಯ ಅಳತೆ ಬೇಡ. ಕಿತ್ತ ಗುಂಡುಗಳು ಹಾಳಲ್ಲ. ಅವರ ಹತ್ತಿರ 1:9 ನಳಿಗೆಯ 6 ಎಂಎಂ ಇದ್ದರೆ ಅದರಲ್ಲಿ ಚೆನ್ನಾಗಿ ಓಡುತ್ತವೆ.